ಕುಂಬಳಕಾಯಿಯಿಂದ ಕುಂಭಾರವಾಡಕ್ಕೆ

2024ರ ಅಕ್ಟೋಬರ್ 31ರಂದು ನಮ್ಮ ಸೊಸೈಟಿಯಲ್ಲಿ ಒಂದು ತಮಾಷೆ ಆಯಿತು. ಆವತ್ತು ಬೆಳಿಗ್ಗೆ ನರಕ ಚತುರ್ದಶಿ, ಸಂಜೆ ಹ್ಯಾಲೋವೀನ್! ಬೆಳಿಗ್ಗೆ ಐದಕ್ಕೇ ಎಣ್ಣೆ ಸ್ನಾನ ಮುಗಿಸಿ, ಪಕ್ಕದ ಮನೆಯ ಮರಾಠಿ ಆಜಿ ಕೊಟ್ಟ ಕಾರೀಟವನ್ನು ಎಡಗಾಲಿನ ಹೆಬ್ಬೆರಳಲ್ಲಿ ಮೆಟ್ಟಿ ಒಡೆದದ್ದಾಯಿತು. ಕಾರೀಟ ಅಂದರೆ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ, ಬಾಯಿಗೆ ಇಡಲಾಗದಷ್ಟು ಕಹಿಯಾದ ಒಂದು ಕಾಯಿ, ಸೌತೆಯ ಜಾತಿಯದು. ನಮ್ಮ ಉತ್ತರ ಕನ್ನಡ, ಮಲೆನಾಡಿನ ಕಡೆ ಹಿಂಡಲಕಾಯಿ ಅಂತಾರಲ್ಲ, ಅದರ ಬಳಗ ಅನ್ನಿ. ಅದು ನರಕಾಸುರನ ತಲೆ ಅಂತ ಲೆಕ್ಕ. ಸಂಜೆಗೆ ಅದೇ ಬಳಗದ ದೊಡ್ಡಣ್ಣನ ಸರದಿ. ಮಕ್ಕಳಿಗೆಲ್ಲ ಪಂಪ್ಕಿನ್ ಕೊರೆದು ಒಳಗೆ ದೀಪ ಇಡಬೇಕು!

ಬ್ಯಾಂಕಿನವನು ಅನ್ನುವ ಒಂದೇ ಅಪರಾಧಕ್ಕೆ ಸೊಸೈಟಿಯ ಖಜಾಂಚಿ ಕೆಲಸ ಒಂಬತ್ತು ವರ್ಷದಿಂದ ನನ್ನ ಕುತ್ತಿಗೆಗೆ ಬಿದ್ದಿದೆ. ಹಾಗಾಗಿ ಕುಂಬಳಕಾಯಿ ತರುವ ಕೆಲಸವೂ ನನಗೇ. ಮುಲುಂಡ್ ಮಾರ್ಕೆಟ್ಟಿನಲ್ಲಿ "ಪೂರಾ ಭೋಪ್ಳಾ ಕೊಡಪ್ಪ, ಎರಡು" ಅಂದೆ. ಭಾಜಿವಾಲ ನನ್ನನ್ನು ಮೇಲೆ ಕೆಳಗೆ ನೋಡಿ "ಮನೇಲಿ ಮದುವೆನಾ?" ಅಂತ ಕೇಳಿದ. ಅವನದೇನೂ ತಪ್ಪಿಲ್ಲ. ಮುಂಬಯಿಯಲ್ಲಿ ಸಿಹಿಗುಂಬಳವನ್ನು ಯಾರು ಇಡಿಯಾಗಿ ಕೊಳ್ಳುತ್ತಾರೆ ಹೇಳಿ? ಪಾವು ಕಿಲೋ, ಅರ್ಧ ಕಿಲೋ ಹೋಳು ಕತ್ತರಿಸಿ ಕೊಡುವುದೇ ಇಲ್ಲಿನ ಪದ್ಧತಿ.

ಕೊರೆಯುವುದು ಅಷ್ಟು ಸುಲಭದ ಕೆಲಸ ಅಲ್ಲ ಅಂತ ಆವತ್ತು ಗೊತ್ತಾಯಿತು. ಮಕ್ಕಳು ಸ್ಕೆಚ್ ಪೆನ್ನಲ್ಲಿ ಕಣ್ಣು, ಮೂಗು, ಹಲ್ಲು ಬರೆದುಕೊಟ್ಟವು. ಸಿಪ್ಪೆಯೋ ಕಲ್ಲಿನ ಹಾಗೆ. ಚಾಕು ಜಾರಿ ನನ್ನ ಹೆಬ್ಬೆರಳಿಗೇ ಬಂತು. "ಇದು ಮಣ್ಣಿನ ಮಡಕೆಯಾಗಿದ್ದರೆ ಹಸಿ ಇರುವಾಗಲೇ ಕೊರೆದುಬಿಡಬಹುದಿತ್ತು" ಅಂತ ನಾನು ಗೊಣಗಿದ್ದನ್ನು ಸೆಕ್ರೆಟರಿಯ ಮಗಳು ಕೇಳಿಸಿಕೊಂಡಳು. ನಾಲ್ಕನೇ ಕ್ಲಾಸಿನ ಹುಡುಗಿ. "ಯಾವ ಮಡಕೆ ಅಂಕಲ್? ಮಡಕೆಗೆ ಯಾರಾದರೂ ತೂತು ಕೊರೀತಾರಾ?" ಅಂದಳು.

ಕೊರೆಯುತ್ತಾರೆ. ಅದನ್ನು ಹೇಳಬೇಕಾದರೆ ಧಾರಾವಿಗೆ ಹೋಗಬೇಕು. ಅದಕ್ಕೂ ಮೊದಲು ಈ ಕುಂಬಳಕಾಯಿಯ ಕಥೆಯನ್ನು ಒಂದಿಷ್ಟು ಮುಗಿಸಿಬಿಡೋಣ. ಹೇಳಿ ಕೇಳಿ ಬಿ.ಕಾಂ. ಓದಿದವನು ನಾನು, ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಲೆಜರ್ ಓದುವವನಿಗೆ ಯಾವ ಎಂಟ್ರಿ ಎಲ್ಲಿಂದ ಬಂತು ಅಂತ ಹಿಂದೆ ಹೋಗಿ ನೋಡುವ ಚಟ ಬಿಡುವುದಿಲ್ಲ.

ಈ ಹ್ಯಾಲೋವೀನ್ ದೀಪ ಅಮೆರಿಕದ್ದು ಅಂತ ನಾವೆಲ್ಲ ತಿಳಿದಿದ್ದೇವೆ. ಮೂಲ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಅಲ್ಲಿ ಸಾವಿನ್ ಅಂತ ಒಂದು ಹಬ್ಬ. ಆ ರಾತ್ರಿ ಸತ್ತವರು, ದೆವ್ವಗಳು ಊರೊಳಗೆ ತಿರುಗುತ್ತವೆ ಅನ್ನುವ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಯಲ್ಲಿ ಪಿತೃಗಳು ಬರುತ್ತಾರೆ, ಅಲ್ಲಿ ಇನ್ನೂ ಒಂದು ತಿಂಗಳು ತಡವಾಗಿ ಬರುತ್ತಾರೆ, ಅಷ್ಟೇ. ಅವುಗಳನ್ನು ಹೆದರಿಸಲು ಅಲ್ಲಿನ ಜನ ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು. ಅದೇ, ಉತ್ತರ ಭಾರತದವರು ಶಲ್ಗಮ್ ಅನ್ನುತ್ತಾರಲ್ಲ, ಅದು. ಐರ್ಲೆಂಡಿನ ಮೇಯೋ ಪ್ರಾಂತ್ಯದ ಜಾನಪದ ಮ್ಯೂಸಿಯಮ್ಮಿನಲ್ಲಿ ಅಂಥ ಹಳೆಯ ಗಡ್ಡೆಯೊಂದರ ಅಚ್ಚು ಇಟ್ಟಿದ್ದಾರೆ. ಚಿತ್ರ ನೋಡಿದರೆ ನಿಜಕ್ಕೂ ಹೆದರಿಕೆ ಆಗುತ್ತದೆ. ಸುಕ್ಕುಗಟ್ಟಿದ ಮುದುಕನ ಮುಖ, ಬಾಯಲ್ಲಿ ನಾಲ್ಕೇ ಹಲ್ಲು.

1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದೊಡ್ಡ ಕ್ಷಾಮ ಬಂತು. ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ದೊಡ್ಡದಾದ, ಒಳಗೆ ಪೊಳ್ಳಾದ, ಕೊರೆಯಲು ಗಡ್ಡೆಗಿಂತ ಎಷ್ಟೋ ಸಲೀಸಾದ ಸಿಹಿಗುಂಬಳ ಹೇರಳವಾಗಿತ್ತು. ಹಬ್ಬ ಊರಿನದು, ತರಕಾರಿ ಹೋದ ಕಡೆಯದು. ಊರು ಬಿಟ್ಟವರೆಲ್ಲ ಮಾಡುವುದು ಇದನ್ನೇ ಅಲ್ಲವೇ? ನನ್ನಾಕೆ ಇಲ್ಲಿ ಪತ್ರೊಡೆಗೆ ಮರಾಠಿಯವರ ಅಳೂಚಿ ಪಾನ್ ತರುತ್ತಾಳೆ. ಹೆಸರು ಪತ್ರೊಡೆಯೇ.

ಇನ್ನೊಂದು ಸಂಗತಿ. ನಾವು ಹಬ್ಬದ ಅಡುಗೆಗೆ ಬಳಸುವ ಈ ಸಿಹಿಗುಂಬಳವೂ ನಮ್ಮದಲ್ಲ! ಮೆಣಸಿನಕಾಯಿ, ಆಲೂಗಡ್ಡೆಯ ಹಾಗೆ ಅದು ಕೂಡ ಅಮೆರಿಕ ಖಂಡದಿಂದ ಬಂದದ್ದು, ಕೊಲಂಬಸ್ಸನ ನಂತರ. ಮೆಕ್ಸಿಕೋ ಕಡೆ ಹತ್ತು ಸಾವಿರ ವರ್ಷದ ಹಿಂದೆಯೇ ಅದರ ಜಾತಿಯ ಕಾಯಿಗಳನ್ನು ಬೆಳೆಯುತ್ತಿದ್ದರಂತೆ. ಹಳಬ ಅಂದರೆ ನಮ್ಮ ಬೂದುಗುಂಬಳ. ಅದು ಏಷ್ಯಾದ್ದೇ ಕಾಯಿ.

ಬೂದುಗುಂಬಳ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗೆ ಕಾಶಿ ಹಲ್ವಾಕ್ಕಿಂತ ಮೊದಲು ಆಯುಧಪೂಜೆ. ಕಾಯಿಯ ತೊಟ್ಟಿನ ಹತ್ತಿರ ಚಾಕುವಿನಿಂದ ಮೂರು ಮೂಲೆಯ ಒಂದು ಬಿರಡೆ ಕೊರೆದು ತೆಗೆಯುವುದು, ಒಳಗೆ ಕುಂಕುಮ, ಚಿಲ್ಲರೆ ನಾಣ್ಯ ಹಾಕುವುದು, ಬಿರಡೆ ಮುಚ್ಚಿ ಮೇಲೆ ಕರ್ಪೂರ ಹಚ್ಚುವುದು, ಲಾರಿಗೋ ಮಿಲ್ಲಿಗೋ ಮೂರು ಸುತ್ತು ಇಳಿತೆಗೆದು ರಸ್ತೆಗೆ ಅಪ್ಪಳಿಸುವುದು. ಹುಡುಗರಾಗಿದ್ದಾಗ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾವು ಕಾಯುತ್ತಿದ್ದದ್ದು ಪೂಜೆಗಲ್ಲ, ಆ ನಾಣ್ಯಗಳಿಗೆ. ಅಂದರೆ ಕಾಯಿಯನ್ನು ಕೊರೆದು ಬೆಂಕಿ ಇಡುವ ಶರತ್ಕಾಲದ ಆಚಾರ ನಮ್ಮಲ್ಲೂ ಇದೆ, ಹ್ಯಾಲೋವೀನಿಗೆ ಎರಡು ಮೂರು ವಾರ ಮೊದಲೇ. ಅವರು ದೆವ್ವ ಓಡಿಸಲು ಮುಖ ಬರೆಯುತ್ತಾರೆ, ನಾವು ದೃಷ್ಟಿ ತೆಗೆಯಲು ಒಡೆಯುತ್ತೇವೆ. ಇದು ಬಲಿಯ ಬದಲಿಗೆ ಬಂದದ್ದು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕಾಲಿಕಾ ಪುರಾಣದಲ್ಲಿಯೇ ಕೂಷ್ಮಾಂಡವನ್ನು, ಕಬ್ಬನ್ನು ಪ್ರಾಣಿಬಲಿಗೆ ಸಮ ಅಂತ ಹೇಳಿದೆ. ಒಳಗಿನ ಕುಂಕುಮ ಯಾತಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದವರ ಕಥೆಯಲ್ಲೂ ಒಂದು ಒಡೆದ ಕುಂಬಳಕಾಯಿ ಇದೆ ನೋಡಿ. ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಪ್ರಕಟಿಸಿದ ಸ್ಲೀಪಿ ಹಾಲೋ ಕಥೆಯಲ್ಲಿ ತಲೆಯಿಲ್ಲದ ಕುದುರೆ ಸವಾರ ಬೆನ್ನಟ್ಟಿದ ಮೇಷ್ಟ್ರು ಕಾಣೆಯಾಗುತ್ತಾನೆ. ಮರುದಿನ ಸಿಗುವುದು ಅವನ ಟೋಪಿ, ಪಕ್ಕದಲ್ಲಿ ಚೂರುಚೂರಾದ ಒಂದು ಕುಂಬಳಕಾಯಿ. ಆಯುಧಪೂಜೆಯ ಮರುದಿನ ಬೆಂಗಳೂರಿನ ಯಾವ ರಸ್ತೆಯಲ್ಲಾದರೂ ಇಂಥ ದೃಶ್ಯ ಕಾಣಬಹುದು, ಟೋಪಿಯ ಬದಲು ಹೆಲ್ಮೆಟ್ಟು. ರಸ್ತೆಯಲ್ಲಿ ಕುಂಬಳಕಾಯಿ ಒಡೆಯಬೇಡಿ, ಬೈಕಿನವರು ಜಾರಿ ಬೀಳುತ್ತಾರೆ ಅಂತ ಅಲ್ಲಿ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಒಡೆಯುತ್ತಾರೆ.

ನಗುವ ಹಕ್ಕು ನನಗಿಲ್ಲ. 1994ರಲ್ಲಿ ನಾನು ಧಾರಾವಿಯ ಅಂಚಿನಲ್ಲಿದ್ದ ನಮ್ಮ ಬ್ಯಾಂಕಿನ ಒಂದು ಶಾಖೆಗೆ ವರ್ಗವಾಗಿ ಬಂದಿದ್ದೆ. ಆಗಿನ್ನೂ 1992-93ರ ಗಲಭೆಯ ಕಲೆಗಳು ಗೋಡೆಗಳ ಮೇಲೆ ಹಾಗೇ ಇದ್ದವು. ಶಾಖೆಯಲ್ಲಿ ನಾವು ಕನ್ನಡದವರು ನಾಲ್ಕು ಜನ, ಪ್ಯೂನ್ ತಿರುನೆಲ್ವೇಲಿ ಕಡೆಯವನು, ಅಕೌಂಟೆಂಟ್ ಗುಜರಾತಿ ಬೆನ್, ಮ್ಯಾನೇಜರ್ ಮರಾಠಿ. ಆಯುಧಪೂಜೆಗೆ ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆಕಂದು, ಬೂದುಗುಂಬಳ ಹೊತ್ತು ತಂದೆವು. ಸ್ಟ್ರಾಂಗ್ ರೂಮಿನ ಬಾಗಿಲಿಗೆ, ಟೈಪ್‌ರೈಟರುಗಳಿಗೆ, ನೋಟು ಕಟ್ಟುವ ಮೆಷಿನ್ನಿಗೆ ಕುಂಕುಮ ಹಚ್ಚಿ, ಗೇಟಿನ ಹೊರಗೆ ನಾನೇ ಕಾಯಿ ಒಡೆದೆ. ಹತ್ತು ನಿಮಿಷ ಆಗಿಲ್ಲ, ಸೈಕಲ್ಲಿನ ಮೇಲೆ ಬ್ರೆಡ್ಡು-ಪಾವು ಹೇರಿಕೊಂಡು ಬಂದ ಹುಡುಗನೊಬ್ಬ ಅದರ ಮೇಲೆ ಜಾರಿ ಬಿದ್ದ. ಮೊಣಕೈ ಮೂಳೆ ಬಿರುಕು. ಸಾಯನ್ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು, ಪಾವಿನ ದುಡ್ಡೂ ಕೊಟ್ಟೆವು. ಆದರೆ ಆ ಹುಡುಗ ಎದ್ದು ಕೂತು, ಕುಂಕುಮದಲ್ಲಿ ಕೆಂಪಾಗಿದ್ದ ಪಾವುಗಳನ್ನು ಒಂದೊಂದಾಗಿ ಒರೆಸುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ನಾನು ಕಾಯಿ ಒಡೆದಿಲ್ಲ.

ಮರುವರ್ಷ ನವರಾತ್ರಿಗೆ ಗುಜರಾತಿ ಬೆನ್ ಒಂದು ಮಡಕೆ ತಂದು ಕ್ಯಾಶ್ ಕೌಂಟರಿನ ಪಕ್ಕ ಇಟ್ಟರು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಕುತ್ತಿಗೆ ಕಿರಿದು, ಮೈ ತುಂಬ ತೂತು. ಒಳಗೆ ಒಂದು ಹಣತೆ. ಮಧ್ಯಾಹ್ನ ಕರೆಂಟು ಹೋದಾಗ ಬ್ಯಾಂಕಿನ ಗೋಡೆ ತುಂಬ ಬೆಳಕಿನ ಚುಕ್ಕೆಗಳು. "ಇದು ಗರಬೋ. ನಿಮ್ಮ ಕುಂಬಳಕಾಯಿಗಿಂತ ಇದು ವಾಸಿ, ಯಾರೂ ಜಾರಿ ಬೀಳಲ್ಲ" ಅಂದರು. ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, "ಅಯ್ಯೋ, ಇಲ್ಲೇ. ನೀವು ಪ್ರತಿ ತಿಂಗಳು ವಸೂಲಿಗೆ ಹೋಗ್ತೀರಲ್ಲ, ಆ ಗಲ್ಲಿಯಲ್ಲೇ!"

ಗರಬೋ ಅಂದರೆ ಗರ್ಭ. ಗರ್ಭದೀಪ ಅನ್ನುವುದರಿಂದಲೇ ಆ ಹೆಸರು ಬಂತು ಅನ್ನುತ್ತಾರೆ. ಮಡಕೆ ತಾಯಿಯ ಒಡಲು, ದೀಪ ಒಳಗಿನ ಜೀವ. ಅದನ್ನು ನಡುವೆ ಇಟ್ಟು ಹೆಂಗಸರು ಸುತ್ತ ಕುಣಿಯುವುದೇ ಗರಬಾ ನೃತ್ಯ. ಫಾಲ್ಗುಣಿ ಪಾಠಕ್ ಹಾಡು, ಟಿಕೆಟ್ಟು, ಪೊಲೀಸ್ ಬಂದೋಬಸ್ತು ಎಲ್ಲ ಆಮೇಲಿನದು. 2023ರ ಡಿಸೆಂಬರಿನಲ್ಲಿ ಯುನೆಸ್ಕೋದವರು ಗುಜರಾತಿನ ಗರಬಾವನ್ನು ತಮ್ಮ ಪಟ್ಟಿಗೆ ಸೇರಿಸಿದಾಗ ಟಿವಿಯಲ್ಲಿ ಕುಣಿತ ತೋರಿಸಿದರು, ಮಡಕೆ ಮಾಡುವವರನ್ನು ತೋರಿಸಲಿಲ್ಲ. ತೂತಿನ ಮಡಕೆಯಲ್ಲಿ ದೀಪ ಇಡುವುದು ಗುಜರಾತಿಗಳದ್ದು ಮಾತ್ರವೂ ಅಲ್ಲ. ಬಿಹಾರದ ಮಿಥಿಲೆಯಲ್ಲಿ ನವರಾತ್ರಿಗೆ ಹೆಂಗಸರು ಇಂಥದ್ದೇ ಮಡಕೆಯನ್ನು ದೀಪ ಸಮೇತ ತಲೆಯ ಮೇಲಿಟ್ಟು ಝಿಝಿಯಾ ಕುಣಿಯುತ್ತಾರೆ. ಧಾರಾವಿಯಲ್ಲಿ ಗುಜರಾತಿಯೂ ಇದ್ದಾನೆ, ಬಿಹಾರಿಯೂ ಇದ್ದಾನೆ. ಬೂದುಗುಂಬಳಕ್ಕೆ ಕರ್ಪೂರ ಹಚ್ಚುವ ತಮಿಳರು, ನಮ್ಮ ಕಲಬುರಗಿ ಕಡೆಯವರೂ ಇದ್ದಾರೆ. ಎಲ್ಲರೂ ನಮ್ಮ ಶಾಖೆಯಲ್ಲಿ ಒಂದೇ ಕ್ಯೂನಲ್ಲಿ ನಿಲ್ಲುತ್ತಿದ್ದರು.

ಮರುದಿನವೇ ನಾನು ಕುಂಭಾರವಾಡಕ್ಕೆ ಹೋದೆ, ಈ ಸಲ ವಸೂಲಿಗಲ್ಲ. ನೈಂಟಿ ಫೀಟ್ ರೋಡಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಅಂಗಳ, ಅಂಗಳದಲ್ಲಿ ಭಟ್ಟಿ. ಭಟ್ಟಿ ಅಂದರೆ ದೊಡ್ಡ ಚಿಮಣಿಯದ್ದೇನಲ್ಲ, ಇಟ್ಟಿಗೆಯ ನಾಲ್ಕು ಮೋಟು ಗೋಡೆ ಅಷ್ಟೇ. ಒಂದು ಭಟ್ಟಿ ಹಲವು ಮನೆಗಳಿಗೆ ಸೇರಿದ್ದು, ಸರದಿ ಪ್ರಕಾರ ಸುಡುತ್ತಾರೆ. ಮಡಕೆಗಳ ನಡುವೆ ಹತ್ತಿಯ ಚಿಂದಿ, ಮರದ ಹೊಟ್ಟು ತುಂಬಿ, ಮೇಲೆ ಒಡೆದ ಬೋಕಿಗಳನ್ನು ಮುಚ್ಚಿ ಬೆಂಕಿ ಕೊಡುವುದು. ಹೊಗೆ ಎಂದರೆ ಹೊಗೆ! ಅಲ್ಲಿಂದ ಬಂದ ದಿನ ನನ್ನಾಕೆ ಶರ್ಟನ್ನು ಬಾಗಿಲ ಹೊರಗೇ ಬಿಚ್ಚಿಸುತ್ತಿದ್ದಳು.

ನಮ್ಮಲ್ಲಿ ಅಕೌಂಟ್ ಇದ್ದ ಒಬ್ಬ ಹಿರಿಯ ಕುಂಬಾರರು, ಎಲ್ಲರೂ ಕಾಕಾ ಅನ್ನುತ್ತಿದ್ದರು, ನನಗೆ ಗರಬೋ ಮಾಡುವುದನ್ನು ತೋರಿಸಿದರು. ಚಕ್ರದಿಂದ ಇಳಿಸಿದ ಕೂಡಲೇ ಕೊರೆಯುವ ಹಾಗಿಲ್ಲ, ಮಡಕೆ ಕುಸಿಯುತ್ತದೆ. ಪೂರ್ತಿ ಒಣಗಿದ ಮೇಲೂ ಆಗುವುದಿಲ್ಲ, ಬಿರುಕು ಬಿಡುತ್ತದೆ. ನಡುವೆ ಒಂದು ಹದ ಇದೆ, ಚಪ್ಪಲಿಯ ತೊಗಲಿನ ಹಾಗೆ ಬಾಗಬೇಕು, ಆದರೆ ಬೆರಳಿನ ಗುರುತು ಬೀಳಬಾರದು. ಸೆಪ್ಟೆಂಬರಿನ ಬಿಸಿಲಲ್ಲಿ ಆ ಹದ ಇರುವುದು ಕೆಲವೇ ಗಂಟೆ. ಮಳೆ ಬಿದ್ದರೆ ಎರಡು ದಿನ. ಅದಕ್ಕೇ ಗರಬೋ ಕೊರೆಯುವ ದಿನಗಳಲ್ಲಿ ಮನೆಯ ಹೆಂಗಸರು, ಮಕ್ಕಳು ಎಲ್ಲರೂ ಅಂಗಳದಲ್ಲೇ. ಕಾಕಾನ ಸೊಸೆ ಎಡಗೈಯನ್ನು ಮಡಕೆಯ ಬಾಯೊಳಗೆ ಆನಿಸಿ ಹಿಡಿದು, ಬಲಗೈಯಲ್ಲಿ ಚೂಪು ಕಡ್ಡಿಯಿಂದ ಚುಚ್ಚಿ ಒಂದು ಸಣ್ಣ ತಿರುವು ಕೊಡುತ್ತಿದ್ದಳು. ಗೆರೆ ಎಳೆದಿಲ್ಲ, ಅಳತೆ ಇಲ್ಲ, ತೂತುಗಳೆಲ್ಲ ಸಾಲಾಗಿ ಬರುತ್ತಿದ್ದವು. ತೂತು ತೀರ ಹತ್ತಿರವಾದರೆ ಭಟ್ಟಿಯಲ್ಲಿ ಒಡೆಯುತ್ತದೆ, ತೀರ ಕಡಿಮೆಯಾದರೆ ಒಳಗಿನ ದೀಪಕ್ಕೆ ಗಾಳಿ ಸಾಲದೆ ಆರುತ್ತದೆ. ನನಗೂ ಒಂದು ಕೊಟ್ಟರು. ಮೂರನೇ ತೂತಿಗೇ ಮಡಕೆ ಹರಿಯಿತು. "ಸಾಹೇಬ್, ನೀವು ಪಾಸ್‌ಬುಕ್ಕೇ ಬರೀರಿ" ಅಂದರು ಕಾಕಾ. ಹರಿದ ಮಡಕೆಯನ್ನು ಮತ್ತೆ ಮಣ್ಣಿಗೆ ಸೇರಿಸಿ ತುಳಿದರು.

ಇವರ ಚರಿತ್ರೆ ಏನು? ಮೂಲ ಸೌರಾಷ್ಟ್ರ. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿ ಬೆಳೆಯುತ್ತಿದ್ದ ಹಾಗೆ, ಅಲ್ಲಿ ಬರ ಬಿದ್ದ ಹಾಗೆ, ಕುಂಬಾರರು ಬರುತ್ತಾ ಹೋದರು. ಗುಜರಾತಿನಲ್ಲಿ ಛಪ್ಪನಿಯೋ ಅಂತ ಇವತ್ತಿಗೂ ನೆನೆಯುವ 1899-1900ರ ಮಹಾ ಬರಗಾಲದ ಮಾತನ್ನು ಕಾಕಾ ತಾವೇ ಕಂಡಂತೆ ಹೇಳುತ್ತಿದ್ದರು, ಅದು ಅವರ ಅಜ್ಜ ಕಂಡದ್ದು. ಆಗ ಕುಂಬಾರರು ಇದ್ದದ್ದು ದಕ್ಷಿಣ ಮುಂಬಯಿಯಲ್ಲಿ. ಗಿರ್ಗಾಂವ್ ಆಚೆ ಖೇತ್‌ವಾಡಿಯ ಹತ್ತಿರ ಇವತ್ತಿಗೂ ಕುಂಭಾರವಾಡಾ ಅನ್ನುವ ಬಡಾವಣೆ ಇದೆ, ಗಲ್ಲಿಗಳಿಗೆ ನಂಬರೂ ಇದೆ. ಅಲ್ಲಿ ಹೋಗಿ ಹುಡುಕಿದೆ, ಚಕ್ರದ ಸದ್ದಿಲ್ಲ. ಹೆಸರು ಮಾತ್ರ ಉಳಿದಿದೆ. 1896ರಲ್ಲಿ ಪ್ಲೇಗು ಬಂತು, 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು, ಒತ್ತಾದ ಗಲ್ಲಿಗಳನ್ನು ಕೆಡವಿದರು, ರಸ್ತೆ ಅಗಲ ಮಾಡಿದರು. ಅದೇ ಟ್ರಸ್ಟ್ ಮುಂದೆ ದಾದರ್-ಮಾಟುಂಗಾ ಬಡಾವಣೆಗಳನ್ನು ಮಾಡಿದ್ದು. ನಮ್ಮ ದಕ್ಷಿಣದವರು ಬಂದು ನೆಲೆಸಿದ, 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿದ ಮಾಟುಂಗಾ ಅದರದ್ದೇ ಫಲ. ನಗರ ಉತ್ತರಕ್ಕೆ ಬೆಳೆದ ಹಾಗೆಲ್ಲ ಹೊಗೆಯ ಕಸುಬು, ವಾಸನೆಯ ಕಸುಬುಗಳನ್ನು ಇನ್ನೂ ಉತ್ತರಕ್ಕೆ ತಳ್ಳುತ್ತಾ ಹೋದರು. ಕುಂಬಾರರೂ ಒಂದೆರಡು ಕಡೆ ಎದ್ದು ಕೂತು, ಕೊನೆಗೆ 1930ರ ದಶಕದಲ್ಲಿ ಧಾರಾವಿಗೆ ಬಂದು ನಿಂತರು.

ಆಗಿನ ಧಾರಾವಿ ಊರಿನ ಹೊರಗೆ. ಮಾಹಿಮ್ ಕೊಲ್ಲಿಯ ಜೌಗು. 1909ರ ಬೊಂಬಾಯಿ ಗೆಜೆಟಿಯರಿನಲ್ಲಿ ಧಾರಾವಿಯ ಹೆಸರು ಬರುವುದು ಬೊಂಬಾಯಿಯ ಆರು ದೊಡ್ಡ ಕೋಳಿವಾಡಗಳಲ್ಲಿ ಒಂದಾಗಿ, ಅಂದರೆ ಬೆಸ್ತರ ಹಳ್ಳಿ. 1887ರಲ್ಲೇ ಅಲ್ಲಿ ಮೊದಲ ಚರ್ಮದ ಕಾರ್ಖಾನೆ ಬಂದಿತ್ತು, ಅದರ ಹಿಂದೆಯೇ ತಮಿಳರು. ಸಾಯನ್ ಮತ್ತು ಮಾಹಿಮ್ ಕಾಸ್‌ವೇಗಳು ಕಟ್ಟಿದ ಮೇಲೆ ಕೊಲ್ಲಿ ಹೂಳು ತುಂಬುತ್ತಾ ಬಂತು, ಮೀನು ಕಡಿಮೆಯಾಯಿತು, ನೆಲ ಹೆಚ್ಚಾಯಿತು. ಆ ನೆಲವನ್ನು ಕಸ, ಮಣ್ಣು, ತೆಂಗಿನ ಸಿಪ್ಪೆ ತುಂಬಿ ಗಟ್ಟಿ ಮಾಡಿದವರು ಅಲ್ಲಿ ಬಂದು ಕೂತವರೇ. ಇವತ್ತು ಅದರ ಒಂದು ಕಡೆ ಸೆಂಟ್ರಲ್ ರೈಲ್ವೆ, ಇನ್ನೊಂದು ಕಡೆ ವೆಸ್ಟರ್ನ್ ರೈಲ್ವೆ, ಕೊಲ್ಲಿಯಾಚೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು. ಊರಿನ ಹೊರಗಿದ್ದದ್ದು ಊರಿನ ನಡುವೆ ಬಂದುಬಿಟ್ಟಿದೆ, ಅದು ಅಲ್ಲಾಡದೆಯೇ!

ಇಲ್ಲಿ ನನ್ನದೊಂದು ಲೆಕ್ಕ ಬಾಕಿ ಇದೆ. 1996ರಲ್ಲಿ ಕಾಕಾ ಎರಡು ಚಕ್ರಗಳಿಗೆ ಮೋಟರು ಹಾಕಿಸಲು, ಅಂಗಳಕ್ಕೆ ಶೀಟು ಹೊದೆಸಲು 40,000 ರೂಪಾಯಿ ಸಾಲ ಕೇಳಿದರು. ನಾನು ಜಾಗದ ಪತ್ರ ಕೇಳಿದೆ. ಅವರು ಕಬ್ಬಿಣದ ಪೆಟ್ಟಿಗೆಯಿಂದ ಮುನಿಸಿಪಾಲಿಟಿಯ ಬಾಡಿಗೆ ರಸೀತಿಗಳ ಒಂದು ಕಟ್ಟು ತಂದರು. ವಿ.ಎಲ್.ಟಿ. ಅನ್ನುತ್ತಾರೆ ಅದಕ್ಕೆ, ಖಾಲಿ ಜಾಗದ ಬಾಡಿಗೆ. ನೆಲ ಮುನಿಸಿಪಾಲಿಟಿಯದ್ದು, ತಿಂಗಳ ಬಾಡಿಗೆ ಇವರದ್ದು. ಅಪ್ಪನ ಹೆಸರಲ್ಲಿ, ಅಜ್ಜನ ಹೆಸರಲ್ಲಿ, ದಾರ ಹಾಕಿ ಪೋಣಿಸಿದ ರಸೀತಿಗಳು. ಇಷ್ಟು ಕ್ರಮವಾಗಿ ಇಟ್ಟ ವೋಚರುಗಳನ್ನು ನಾನು ನಮ್ಮ ಶಾಖೆಯಲ್ಲೂ ನೋಡಿರಲಿಲ್ಲ. ಆದರೆ ಬ್ಯಾಂಕಿನ ಕಣ್ಣಿಗೆ ಅದು ಅಡವಿಗೆ ಬರುವ ಕಾಗದ ಅಲ್ಲ. "ಬರುವುದಿಲ್ಲ ಕಾಕಾ" ಅಂದೆ. ಕೊನೆಗೆ ಡಿ.ಆರ್.ಐ. ಸ್ಕೀಮಿನಲ್ಲಿ 6,500 ರೂಪಾಯಿ ಮಂಜೂರು ಮಾಡಿದೆ. ಬಡವರಿಗೆ ಶೇಕಡಾ 4ರ ಬಡ್ಡಿಯಲ್ಲಿ ಕೊಡಲು 1972ರಲ್ಲಿ ತಂದ ಸ್ಕೀಮು ಅದು. ನಗರದಲ್ಲಿ ಮನೆಯ ಆದಾಯ ವರ್ಷಕ್ಕೆ 7,200 ರೂಪಾಯಿ ಮೀರಿರಬಾರದು ಅಂತ ನಿಯಮ. ತಿಂಗಳಿಗೆ ಅದಕ್ಕೂ ಹೆಚ್ಚು ಹಣತೆ ಮಾಡುವ ಮನೆ, ವರ್ಷಕ್ಕೆ ಅಷ್ಟರಲ್ಲಿ ಬದುಕುತ್ತದೆ ಅಂತ ಫಾರ್ಮಿನಲ್ಲಿ ಬರೆದವನು ನಾನೇ, ಹೆಬ್ಬೆಟ್ಟು ಒತ್ತಿದವರು ಕಾಕಾ. ಒಂದು ಚಕ್ರಕ್ಕೆ ಮೋಟರು ಬಂತು. ಶೀಟು ಬರಲಿಲ್ಲ. ಆ ವರ್ಷ ಅಕ್ಟೋಬರಿನ ಮಳೆಗೆ ಅವರ ಎಷ್ಟು ಹಸಿ ಮಡಕೆ ಕರಗಿತೋ ನಾನು ಕೇಳಲಿಲ್ಲ. ಕಂತು ಮಾತ್ರ ತಪ್ಪಲಿಲ್ಲ. ದೀಪಾವಳಿ ಮುಗಿದ ಸೋಮವಾರ ಚಿಲ್ಲರೆಯ ಚೀಲ ಹೊತ್ತು ಬರುತ್ತಿದ್ದರು, ಎಣಿಸಲು ನಮ್ಮ ಕ್ಯಾಶಿಯರಿಗೆ ಒಂದು ಗಂಟೆ ಬೇಕಾಗುತ್ತಿತ್ತು. ನಾಣ್ಯಕ್ಕೆಲ್ಲ ಮಣ್ಣು ಅಂಟಿರುತ್ತಿತ್ತು.

ನನಗೆ ವರ್ಗವಾಯಿತು, ಊರೂರು ತಿರುಗಿದೆ, 2011ಕ್ಕೆ ಮುಲುಂಡಿನಲ್ಲಿ ಮನೆ ಮಾಡಿದೆ. ಗೃಹಸಾಲಕ್ಕೆ ನನಗೆ ಯಾರೂ ದಾರ ಪೋಣಿಸಿದ ರಸೀತಿ ಕೇಳಲಿಲ್ಲ.

2024ರ ಸೆಪ್ಟೆಂಬರ್ ಕೊನೆಯ ಭಾನುವಾರ, ನವರಾತ್ರಿಗೆ ನಾಲ್ಕು ದಿನ ಇರುವಾಗ, ಒಂದು ಗರಬೋ ತರೋಣ ಅಂತ ಕುಂಭಾರವಾಡಕ್ಕೆ ಹೋದೆ. ಕಾಕಾ ಈಗಿಲ್ಲ. ಮಗ ಗುರುತು ಹಿಡಿದ. ಚಹಾ ತರಿಸಿದ. ವ್ಯಾಪಾರ ಹೇಗೆ ಅಂದರೆ ಬಂದ ಉತ್ತರ ಗೊತ್ತಿದ್ದದ್ದೇ. ಚೀನಾದ ಎಲ್‌ಇಡಿ, ಹೊರಗಿನಿಂದ ಬರುವ ಅಚ್ಚಿನ ಹಣತೆ. 2020ರ ಬೇಸಿಗೆಯನ್ನು ಅವನು ಇನ್ನೂ ಮರೆತಿಲ್ಲ. ನೀರಿನ ಮಡಕೆ ಮಾರುವ ಕಾಲಕ್ಕೆ ಸರಿಯಾಗಿ ಲಾಕ್‌ಡೌನ್, ಏಪ್ರಿಲ್ 1ಕ್ಕೆ ಧಾರಾವಿಯಲ್ಲಿ ಮೊದಲ ಕೊರೊನಾ ಕೇಸು, ಗಲ್ಲಿಗಳೇ ಸೀಲು. ಸುಟ್ಟ ಮಡಕೆ ಸುಟ್ಟಲ್ಲೇ ಉಳಿಯಿತು. ಅವನ ಮಗಳು ಮಾತ್ರ ಅಂಗಳದಲ್ಲಿ ಕೂತು ಕೊರೆಯುತ್ತಿದ್ದಳು, ಅಜ್ಜಿ, ತಾಯಂದಿರ ಹಾಗೆಯೇ, ಎಡಗೈ ಮಡಕೆಯೊಳಗೆ. ಬಿ.ಕಾಂ. ಮೊದಲ ವರ್ಷವಂತೆ! ನನಗೆ ಏನೋ ಖುಷಿಯಾಯಿತು.

ಆಮೇಲೆ ಮಾತು ಅಲ್ಲಿಗೇ ಬಂತು. 2022ರ ನವೆಂಬರಿನಲ್ಲಿ ಅದಾನಿ ಕಂಪನಿ 5,069 ಕೋಟಿ ರೂಪಾಯಿಯ ಬಿಡ್ಡಿಗೆ ಧಾರಾವಿ ಮರುನಿರ್ಮಾಣದ ಯೋಜನೆ ಗೆದ್ದದ್ದು ನಿಮಗೆ ಗೊತ್ತೇ ಇದೆ. 80 ಪಾಲು ಕಂಪನಿಯದು, 20 ಪಾಲು ಸರ್ಕಾರದ್ದು. 2000ದ ಜನವರಿ 1ಕ್ಕಿಂತ ಮೊದಲಿನಿಂದ ನೆಲಮಹಡಿಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ ಉಚಿತ. ಅದರ ನಂತರದವರಿಗೆ, ಮೇಲಿನ ಮಹಡಿಯವರಿಗೆ ಹೊರಗೆಲ್ಲೋ, ಹಣಕ್ಕೆ ಅಥವಾ ಬಾಡಿಗೆಗೆ. ಸರ್ವೆ 2024ರ ಮಾರ್ಚಿನಲ್ಲಿ ಶುರುವಾಗಿತ್ತು. "ನಾವು ಹಳಬರು, ನಮಗೆ ಮನೆ ಸಿಗತ್ತೆ ಸಾಹೇಬ್. 350 ಅಡಿ. ಚಕ್ರ ಎಲ್ಲಿಡಲಿ? ಒಣಗಿಸುವುದು ಎಲ್ಲಿ? ಭಟ್ಟಿ ಲಿಫ್ಟಲ್ಲಿ ಹೋಗತ್ತಾ?" ಅಂದ. ಮಹಡಿಯ ಮೇಲೆ ಇರುವ ಅವನ ತಮ್ಮನದ್ದು ಬೇರೆಯೇ ಕಥೆ. ತಮ್ಮ ಹೊರಗೆ ಹೋಗಬೇಕಾದೀತು. ಭಟ್ಟಿಯ ಸರದಿಯಲ್ಲಿ ಒಬ್ಬ ಕಡಿಮೆಯಾದ.

ಕುಂಭಾರವಾಡದ ಹೊಗೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆ ಹೊಗೆಯಲ್ಲಿ ಕೆಮ್ಮುವ ಮಕ್ಕಳನ್ನು ನೋಡಿದ್ದೇನೆ. ಗಲ್ಲಿಯ ಸಂಡಾಸಿನ ಕ್ಯೂ ನೋಡಿದ್ದೇನೆ. ಹೊಸ ಮನೆ ಬೇಡ ಅಂತ ಅವನೂ ಹೇಳಲಿಲ್ಲ. 2023ರಲ್ಲಿ ಬಂದ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರಿಗೆ ಅಡವಿಲ್ಲದೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ, ಶೇಕಡಾ 5ರ ಬಡ್ಡಿಯಲ್ಲಿ ಸಿಗುತ್ತದೆ ಅಂತ ನಾನು ವಿವರಿಸಿದೆ. ಅಪ್ಪನಿಗೆ ಕೊಡಲಾಗದ್ದನ್ನು ಮಗನಿಗೆ ಕೊಡಿಸುವ ಉತ್ಸಾಹ ಅಂತಿಟ್ಟುಕೊಳ್ಳಿ. ಅವನು ನಕ್ಕ. "ಈಗ ಸಾಲ ಸಿಗತ್ತೆ, ಜಾಗ ಸಿಗಲ್ಲ."

ಗರಬೋ ಕಾಗದದಲ್ಲಿ ಸುತ್ತುತ್ತಾ ಅವನು ಕೇಳಿದ, "ಈಗ ಎಲ್ಲಿದ್ದೀರಿ ಸಾಹೇಬ್?"

"ಮುಲುಂಡ್."

"ಹಾಗಾದರೆ ನನ್ನ ತಮ್ಮ ನಿಮ್ಮ ಪಕ್ಕಕ್ಕೇ ಬರ್ತಾನೆ. ಮುಲುಂಡಿನ ಉಪ್ಪಿನ ಗದ್ದೆಯಲ್ಲಿ ನಮ್ಮವರಿಗೆ ಮನೆ ಕಟ್ತಾರಂತೆ. ಗುರುತಿನವರು ಒಬ್ಬರಾದರೂ ಇದ್ದ ಹಾಗಾಯ್ತು" ಅಂದ.

ನಾನು ಏನೂ ಹೇಳಲಿಲ್ಲ. ಯಾಕೆಂದರೆ ಎರಡು ವಾರದ ಹಿಂದೆ ನಮ್ಮ ಸೊಸೈಟಿಯಲ್ಲಿ ಒಂದು ಮನವಿ ಪತ್ರ ತಿರುಗಿತ್ತು. ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗದ ಸುಮಾರು 256 ಎಕರೆ ಉಪ್ಪಿನ ಗದ್ದೆಯನ್ನು ಧಾರಾವಿಯವರ ಪುನರ್ವಸತಿಗೆ ಕೊಡಬಾರದು ಅಂತ. ಕಾರಣಗಳೇನೂ ಸುಳ್ಳಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮುಂಬಯಿ ಮುಳುಗಿದ್ದನ್ನು ನೋಡಿದ ಯಾರಿಗೂ ಉಪ್ಪಿನ ಗದ್ದೆ ನೀರು ಕುಡಿಯುವ ಜಾಗ ಅಂತ ಹೇಳಿಕೊಡಬೇಕಿಲ್ಲ. ನಲ್ಲಿಯ ನೀರು, ಲೋಕಲ್ ಟ್ರೇನಿನ ನೂಕುನುಗ್ಗಲು, ಎಲ್ಲ ನಿಜ. ಆದರೆ ಮೂರನೇ ಪುಟದಲ್ಲಿ "ಆ ಕಡೆಯ ಜನ" ಬಂದರೆ ನಮ್ಮ ಪರಿಸರ ಕೆಡುತ್ತದೆ ಅಂತಲೂ ಒಂದು ಸಾಲು ಇತ್ತು. ಓದಿದ್ದೆ. ಖಜಾಂಚಿ, ಕಮಿಟಿ ಮೆಂಬರು, ಹಾಗಾಗಿ ನನ್ನದೇ ನಾಲ್ಕನೇ ಸಹಿ. ಸ್ಪಷ್ಟವಾಗಿ, ಬ್ಯಾಂಕಿನ ಸ್ಪೆಸಿಮನ್ ಸಹಿಯ ಹಾಗೆ. ನಾನು ಧಾರಾವಿಯಿಂದ ಬಂದ ಅದೇ ವಾರದ ಸುಮಾರಿಗೆ ರಾಜ್ಯ ಸಂಪುಟ ಆ ಜಮೀನಿಗೆ ಒಪ್ಪಿಗೆ ಕೊಟ್ಟಿತು.

ಅಕ್ಟೋಬರ್ 31ರ ಸಂಜೆ, ಹೆಬ್ಬೆರಳಿಗೆ ಬ್ಯಾಂಡ್-ಏಡ್ ಸುತ್ತಿಕೊಂಡು ಎರಡು ಕುಂಬಳಕಾಯಿಯನ್ನು ಹೇಗೋ ಮುಗಿಸಿದೆ. ಒಂದರ ಮೂಗು ಬಾಯಿಗೆ ಸೇರಿಹೋಗಿತ್ತು, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಯಿತು. ಆ ಹುಡುಗಿ "ಮಡಕೆ ತೋರಿಸಿ" ಅಂತ ಬಿಡಲಿಲ್ಲ. ದೇವರ ಕೋಣೆಯಿಂದ ಗರಬೋ ತಂದು ಲಾಬಿಯಲ್ಲಿ ಕುಂಬಳಕಾಯಿಗಳ ಪಕ್ಕ ಇಟ್ಟು ಹಣತೆ ಹಚ್ಚಿದೆ. ಲೈಟ್ ಆರಿಸಿದರು. ಕುಂಬಳಕಾಯಿಯ ಮುಖಗಳು ಮೇಣದ ಬೆಳಕಲ್ಲಿ ಹಲ್ಲು ಕಿರಿದವು, ಗರಬೋದ ಚುಕ್ಕೆಗಳು ಸೀಲಿಂಗಿನ ತನಕ ಹೋದವು. ಮಕ್ಕಳು ಕೈ ಚಾಚಿ ಚುಕ್ಕೆಗಳನ್ನು ಅಂಗೈ ಮೇಲೆ ಹಿಡಿಯುತ್ತಿದ್ದರು.

"ಚೆನ್ನಾಗಿದೆಯಲ್ಲ! ಎಲ್ಲಿಯದು?" ಅಂದರು ಸೆಕ್ರೆಟರಿ.

"ಧಾರಾವಿಯದು."

"ಹೌದಾ? ಮುಂದಿನ ವರ್ಷಕ್ಕೆ ಒಂದು ಐವತ್ತು ಹೇಳಿಬಿಡಿ, ಎಲ್ಲ ಫ್ಲಾಟಿಗೂ ಒಂದೊಂದು. ಹೋಲ್‌ಸೇಲ್ ರೇಟ್ ಕೇಳಿ, ನಿಮಗೆ ಅಲ್ಲಿ ಪರಿಚಯ ಇದೆಯಲ್ಲ."

ಹೇಳುತ್ತೇನೆ ಅಂದೆ. ಆಮೇಲೆ ಅವರನ್ನು ಸ್ವಲ್ಪ ಪಕ್ಕಕ್ಕೆ ಕರೆದು, ಆ ಮನವಿ ಪತ್ರದಿಂದ ನನ್ನ ಸಹಿ ತೆಗೆಯಲು ಆಗುತ್ತದಾ ಅಂತ ಕೇಳಿದೆ.

"ಅದು ಕಳಿಸಿ ತಿಂಗಳಾಯ್ತಲ್ಲ ಸಾಹೇಬರೇ" ಅಂದರು. "ಯಾಕೆ, ಸಹಿ ಮ್ಯಾಚ್ ಆಗಲ್ವಾ?"

ಮೂರು ದಿನಕ್ಕೆ ಕುಂಬಳಕಾಯಿಗಳು ಮೆತ್ತಗಾಗಿ ವಾಸನೆ ಬಂತು, ವಾಚ್‌ಮನ್ ಎತ್ತಿಕೊಂಡು ಹೋಗಿ ಎಸೆದ. ಒಳಗಿನ ತಿರುಳನ್ನು ನನ್ನಾಕೆ ಮೊದಲೇ ತೆಗೆದಿಟ್ಟಿದ್ದಳು, ಎರಡು ದಿನ ಅದರದ್ದೇ ಹುಳಿ, ಒಂದು ದಿನ ಗಟ್ಟಿ. ಗರಬೋ ಐವತ್ತಕ್ಕೆ ಕಾಕಾನ ಮಗನಿಗೆ ಫೋನು ಮಾಡಿ ಹೇಳಿದ್ದೇನೆ. ಅಡ್ವಾನ್ಸ್ ಬೇಡ ಅಂದ. ಕಳಿಸಿದ್ದೇನೆ.